ವಿದೇಶಿ ಗೆಳತಿಗೆ ಮೊದಲ ಬಾರಿ ಸೀರೆ ಉಡಿಸಲು ರೇಷ್ಮೆ ಒಳ್ಳೆಯದೋ, ನೆರಿಗೆ ಹೊಲಿದಿಟ್ಟ ಸಿದ್ಧ ಸೀರೆಯೋ?

ಎರಡೂ ಬೇಡ. ನಿಮ್ಮ ಪ್ರಶ್ನೆ ಓದುತ್ತಲೇ 2017ರಲ್ಲಿ ಧಾರವಾಡದಲ್ಲಿ ನಡೆದ ನನ್ನ ಮದುವೆ ಕಣ್ಣ ಮುಂದೆ ಬಂತು.

ನೆದರ್ಲೆಂಡ್ಸ್‌ನಿಂದ ನನ್ನ ಸಹೋದ್ಯೋಗಿ ಬಂದಿದ್ದಳು. ಆರಡಿಗೆ ಎರಡೇ ಅಂಗುಲ ಕಡಿಮೆ ಎತ್ತರ. ನಮ್ಮ ಕಡೆಯ ಉಡುಪು ತೊಟ್ಟದ್ದು ಅದೇ ಮೊದಲು. ಅಮ್ಮ ತನ್ನ ದೊಡ್ಡ ಜರಿಯಂಚಿನ ಕಂಚಿ ಸೀರೆಯನ್ನೇ ತೆಗೆದುಕೊಟ್ಟಳು. ಅಳತೆ ತರಿಸಿ ಹೊಲಿಸಿದ್ದ ರವಿಕೆ ಸರಿಯಾಗಿ ಕೂತಿತು. ಒಳಲಂಗವನ್ನು ಯಾರು ನೋಡುತ್ತಾರೆ ಎಂದು, ಬಣ್ಣ ಹೊಂದುತ್ತದೆಂಬ ಒಂದೇ ಕಾರಣಕ್ಕೆ ನನ್ನ ಸ್ಯಾಟಿನ್ ಲಂಗ ಕೊಟ್ಟುಬಿಟ್ಟೆ.

ಇದನ್ನು ಬಿಡಿಸಿ ಹೇಳಲೇಬೇಕು. 5.5 ಮೀಟರ್ ರೇಷ್ಮೆ, ಜರಿಯ ತೂಕ, ಎಲ್ಲವೂ ಸೊಂಟದ ಒಂದು ಲಾಡಿಯ ಮೇಲೆ ನಿಲ್ಲುತ್ತದೆ. ಸಿಕ್ಕಿಸಿದ ನೆರಿಗೆಯನ್ನು ಹಿಡಿದಿಡುವುದು ಲಾಡಿಯ ಬಿಗಿ ಮತ್ತು ಲಂಗದ ಒರಟು. ಹತ್ತಿ ಕಚ್ಚಿ ಹಿಡಿಯುತ್ತದೆ, ಸ್ಯಾಟಿನ್ ಬಿಟ್ಟುಕೊಡುತ್ತದೆ. ಸೀರೆ ಇಳಿಯತೊಡಗಿದರೆ ನಮ್ಮ ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ. ಅವಳಿಗೆ ಅದು ಹೇಗೆ ತಿಳಿಯಬೇಕು? ಸೀರೆಯ ಅಗಲ ಸುಮಾರು 1.2 ಮೀಟರ್ ಮಾತ್ರ; ಅಷ್ಟು ಎತ್ತರದವಳ ಪಾದ ಮುಚ್ಚಲೆಂದು ಲಾಡಿಯನ್ನೂ ಕೆಳಗಿಳಿಸಿ, ಸಡಿಲವಾಗಿ ಕಟ್ಟಿದ್ದೆ. ಬಿಗಿದರೆ ನೋಯುತ್ತದೇನೋ ಎಂಬ ಅಳುಕು ಬೇರೆ.

ಮುಹೂರ್ತಕ್ಕೆ ಎಲ್ಲರೂ ಎದ್ದರು. ಜಮಖಾನೆಯ ಮೇಲೆ ಕೂತಿದ್ದವಳು ಏಳುವಾಗ ಅಂಚು ಕಾಲಡಿ ಸಿಕ್ಕಿ ನೆರಿಗೆಯೆಲ್ಲ ಕಳಚಿಬಿತ್ತು. ಅಂತರಪಟ ಸರಿದಾಗ ನಾನು ಕಂಡದ್ದು ಎರಡೂ ಕೈಯಲ್ಲಿ ನೆರಿಗೆ ಅವುಚಿಕೊಂಡು ನಿಂತಿದ್ದ ಅವಳನ್ನು. ಅವಳ ಪಾಲಿನ ಅಕ್ಷತೆ ಅವಳ ಕಾಲ ಬಳಿಯೇ ಚೆಲ್ಲಿತ್ತು. ಆಮೇಲೆ ಪ್ಯಾಂಟ್ ತೊಟ್ಟು ಊಟಕ್ಕೆ ಬಂದಳು, ಫೋಟೊಕ್ಕೆ ಕರೆದರೆ ಬರಲಿಲ್ಲ. ನನ್ನ ಮದುವೆಯ ಆಲ್ಬಮ್‌ನಲ್ಲಿ ಅವಳಿಲ್ಲ. ಅದು ಇಂದಿಗೂ ಚುಚ್ಚುತ್ತದೆ.

ಹೊಲಿದಿಟ್ಟ ಸೀರೆ ಬೀಳುವುದಿಲ್ಲ, ನಿಜ. ಆದರೆ ಬೆರಳಿಗೆ ಬೆರಳು ಕೂಡಿಸಿ ನೆರಿಗೆ ಹಿಡಿಯುವ ಆ ಐದು ನಿಮಿಷವನ್ನೇ ನಿಮ್ಮ ಗೆಳತಿಯಿಂದ ಕಿತ್ತುಕೊಂಡರೆ ಇನ್ನೇನು ಉಳಿಯಿತು? ಇಳಕಲ್ ಸೀರೆ ಕೊಡಿಸಿ, ಹತ್ತಿಯ ಒಡಲಿನದು. ತೋಪು ತೆನಿ ಎನ್ನುವ ಕೆಂಪು ಬಿಳಿ ಪಟ್ಟೆಯ ಸೆರಗಿರಲಿ, ಗುಳೇದಗುಡ್ಡದ ಖಣದ ಕುಪ್ಪಸವಿರಲಿ. ಹತ್ತಿಯ ಲಂಗ, ಬಿಗಿಯಾದ ಲಾಡಿ. ಚಪ್ಪಲಿ ಮೆಟ್ಟಿಸಿಯೇ ಉಡಿಸಿ, ಇಲ್ಲವಾದರೆ ಅಂಚು ಮೇಲೇರುತ್ತದೆ. ಎರಡು ದಿನ ಮೊದಲೇ ಮನೆಯಲ್ಲಿ ಉಡಿಸಿ, ನೆಲಕ್ಕೆ ಕೂತು ಏಳಲಿ, ಮೆಟ್ಟಿಲು ಹತ್ತಲಿ, ಶೌಚಾಲಯಕ್ಕೂ ಹೋಗಿಬರಲಿ.

ಮದುವೆಯಾದ ಎರಡು ವರ್ಷದ ಬಳಿಕ ನನ್ನ ಆ ಸಹೋದ್ಯೋಗಿ ಮತ್ತೆ ಬಂದಳು, ಸೀರೆ ಕಲಿಸು ಎಂದು ತಾನೇ ಕೇಳಿದಳು. ಅಮ್ಮನ ಕನ್ನಡಿಯ ಮುಂದೆ ತನ್ನ ಭಾಷೆಯಲ್ಲಿ ನೆರಿಗೆ ಎಣಿಸುತ್ತಾ ಹೋದಳು. ಆರನೆಯದಕ್ಕೆ ಬಟ್ಟೆ ಸಾಲಲಿಲ್ಲ. ಬಿಚ್ಚಿ ಮೊದಲಿನಿಂದ ಶುರುಮಾಡಿದಳು. ನಾನು ಕೈ ಹಾಕಲಿಲ್ಲ.