ಹೊಸ ಆಕಾರದ ಮೊದಲ ವರ್ಷವೋ, ಹಳೇ ಆಕಾರದ ಕೊನೆಯ ವರ್ಷವೋ?

ಪ್ರಶ್ನೆ: ಸರ್, ಮನೆಗೆ ಒಂದು ಚಿಕ್ಕ ಸೆಕೆಂಡ್ ಹ್ಯಾಂಡ್ ಕಾರು ತಗೋಬೇಕು ಅಂತಿದ್ದೇವೆ. ಒಂದೇ ಹೆಸರಿನ ಎರಡು ಕಾರು ನೋಡಿ ಬಂದೆವು. ಒಂದು ಹಳೇ ಆಕಾರದ ಕೊನೆಯ ವರ್ಷದ್ದು. ಇನ್ನೊಂದು ಅದರ ಮರುವರ್ಷ ಬಂದ ಹೊಸ ಆಕಾರದ್ದು. ಓಡಿದ ಕಿಲೋಮೀಟರ್ ಹೆಚ್ಚುಕಮ್ಮಿ ಒಂದೇ. ಮನೆಯವರೆಲ್ಲ ಹೊಸದೇ ಇರಲಿ ಅಂತಾರೆ. ಯಾವ ವರ್ಷದ ಗಾಡಿ ನಂಬಬಹುದು ಅಂತ ತಿಳಿಯೋದು ಹೇಗೆ?

ಉತ್ತರ: ಹಳೇ ಆಕಾರದ್ದನ್ನೇ ಮೊದಲು ನೋಡಿ. ಎರಡನ್ನೂ ಒಂದೇ ಥರ ಜೋಪಾನ ಮಾಡಿದ್ದರೆ ನನ್ನ ಓಟು ಅದಕ್ಕೇ. ಮನೆಯವರಿಗೆ ಬೇಸರ ಆಗಬಹುದು. ಆದರೂ ಕಾರಣ ಕೇಳಿ.

ಕಾರಿನ ಒಂದು ಆಕಾರ ಸಾಮಾನ್ಯವಾಗಿ ಐದಾರು ವರ್ಷ ನಡೆಯುತ್ತದೆ. ಮೊದಲ ವರ್ಷ ಮಾರಾಟವಾದ ಗಾಡಿಗಳು ಒಂದೊಂದಾಗಿ ಸರ್ವಿಸ್‌ಗೆ ಬರುತ್ತವೆ. ಎಲ್ಲಿ ಆಯಿಲ್ ಸೋರುತ್ತದೆ, ಯಾವ ಬುಷ್ ಬೇಗ ಸವೆಯುತ್ತದೆ, ಯಾವ ವೈರಿಗೆ ನೀರು ತಾಗುತ್ತದೆ ಅನ್ನೋದು ಕಂಪನಿಗೆ ಆಗಲೇ ಗೊತ್ತಾಗುವುದು. ಆಮೇಲೆ ಆ ಭಾಗವನ್ನು ತಿದ್ದುತ್ತಾರೆ. ಜಾಹೀರಾತಿನಲ್ಲಿ ಯಾರೂ ಇದನ್ನು ಹೇಳುವುದಿಲ್ಲ. ಹೊಸ ಆಕಾರ ಬಂದಾಗ ಈ ಲೆಕ್ಕ ಮತ್ತೆ ಒಂದರಿಂದ ಶುರು.

ನಾನು ಇಪ್ಪತ್ತೆರಡು ವರ್ಷ ಗ್ಯಾರೇಜಿನಲ್ಲಿ ಕೆಲಸ ಮಾಡಿದವನು. ಆದರೂ ನನ್ನ ಸ್ವಂತ ಕಾರು ಕೊಳ್ಳುವಾಗ ಹೊಸ ಆಕಾರಕ್ಕೆ ಮನಸೋತೆ. ಮೊದಲ ವರ್ಷದ ಮಾಡೆಲ್ ಅದು. ಮೂರನೇ ತಿಂಗಳಿಗೆ ಗಾಡಿಯೊಳಗೆ ಸಿಹಿ ಸಿಹಿ ವಾಸನೆ. ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ವಾರಕ್ಕೊಮ್ಮೆ ಕಮ್ಮಿಯಾಗುತ್ತಿತ್ತು, ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಟಾರ್ಚ್ ಹಿಡಿದು ಹುಡುಕಿದರೆ, ಕೂಲೆಂಟ್ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಮೇಲಿನ ಪ್ಲಾಸ್ಟಿಕ್ ಕವಚದ ಅಂಚಿಗೆ ಗುಲಾಬಿ ಬಣ್ಣದ ಪುಡಿ ಅಂಟಿಕೊಂಡಿತ್ತು. ಸೋರಿದ ಕೂಲೆಂಟ್ ಬಿಸಿಗೆ ಅಲ್ಲೇ ಒಣಗಿ ಹಾಗಾಗಿತ್ತು. ಹೊಸ ಕವಚ ತರಿಸಿ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಹೊಸದರ ಗೋಡೆ ದಪ್ಪ. ಬೋಲ್ಟ್ ಕೂರುವ ಕಡೆ ಹಳೆಯದರಲ್ಲಿ ಇಲ್ಲದ ಒಂದು ಆಸರೆ ಪಟ್ಟಿ. ಪಾರ್ಟ್ ನಂಬರಿನ ಕೊನೆಯ ಅಕ್ಷರವೂ ಬೇರೆ. ಅದೇ ಕಾರಿನ ಮೂರನೇ ವರ್ಷದ ಮಾಡೆಲ್ ಕೊಂಡವರಿಗೆ ಈ ದಪ್ಪ ಕವಚವೇ ಫ್ಯಾಕ್ಟರಿಯಿಂದ ಬಂದಿತ್ತು. ಅವತ್ತಿನಿಂದ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ.

ಎಲ್ಲರಿಗೂ ಗೊತ್ತಿರುವ ಕಾರಿನ ಉದಾಹರಣೆ ಬೇಕಾದರೆ ಹೋಂಡಾ ಸಿವಿಕ್ ನೋಡಿ. ಅಮೆರಿಕದಲ್ಲಿ 2006ರಿಂದ 2011ರವರೆಗೆ ಒಂದೇ ಆಕಾರ ಇತ್ತು. ಅದರಲ್ಲಿ 2006ರಿಂದ 2008ರ ಮಾಡೆಲ್‌ಗಳಲ್ಲಿ, 2009ರ ಕೆಲವದರಲ್ಲೂ, 1.8 ಲೀಟರ್ ಎಂಜಿನ್ನಿನ ಬ್ಲಾಕ್ (ಅದರ ಮುಖ್ಯ ಲೋಹದ ಒಡಲು) ಬಿರುಕು ಬಿಟ್ಟು ಕೂಲೆಂಟ್ ಸೋರುವ ತೊಂದರೆ ಕಾಣಿಸಿತು. ಕಂಪನಿ ಆ ಬ್ಲಾಕಿನ ವಾರಂಟಿಯನ್ನೇ 10 ವರ್ಷಕ್ಕೆ ವಿಸ್ತರಿಸಿತು. 2010, 2011ರ ಗಾಡಿಗಳು ಆ ಪಟ್ಟಿಯಲ್ಲಿಲ್ಲ. ನೋಡೋಕೆ ಎಲ್ಲವೂ ಒಂದೇ ಥರ, ಅಲ್ವಾ?

ಆದರೆ ಕೊನೆಯ ವರ್ಷ ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ಕೊಳ್ಳಬೇಡಿ. ಅಮೆರಿಕದ ಫೋರ್ಡ್ ಫೋಕಸ್‌ನಲ್ಲಿ ಪವರ್‌ಶಿಫ್ಟ್ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಂದಿದ್ದು 2012ರ ಮಾಡೆಲ್‌ನಲ್ಲಿ. ಅದರಲ್ಲಿ ಎರಡು ಒಣ ಕ್ಲಚ್. ಸೀಲ್ ಸೋರಿ ಎಣ್ಣೆ ಕ್ಲಚ್ಚಿಗೆ ತಾಗಿದರೆ ಹಿಡಿತ ಜಾರಿ ಗಾಡಿ ನಡುಗುತ್ತಿತ್ತು. ಈ ದೂರು 2016ರ ಮಾಡೆಲ್‌ವರೆಗೂ ನಿಲ್ಲಲಿಲ್ಲ. ಕಂಪನಿ ವಾರಂಟಿ ವಿಸ್ತರಿಸಿತು, ವಿಷಯ ಕೋರ್ಟಿಗೂ ಹೋಯಿತು. ಅದೇ ವರ್ಷಗಳ ಅದೇ ಫೋಕಸ್ ಮ್ಯಾನ್ಯುಯಲ್ ಗೇರ್‌ನಲ್ಲಿ ಇದ್ದರೆ ಈ ಕಾಟ ಇಲ್ಲ. ಹಾಗಾಗಿ ವರ್ಷವನ್ನೂ ಗೇರ್‌ಬಾಕ್ಸನ್ನೂ ಒಟ್ಟಿಗೇ ಕೇಳಬೇಕು.

ಇದರ ಇನ್ನೊಂದು ಮಗ್ಗುಲೂ ಇದೆ. ಹೊಸ ಆಕಾರದೊಳಗೆ ಹಳೇ ಎಂಜಿನ್ ಇದ್ದರೆ ಅಷ್ಟು ಹೆದರಬೇಕಿಲ್ಲ. ಅಮೆರಿಕದಲ್ಲಿ 2014ರ ಟೊಯೊಟಾ ಕೊರೊಲ್ಲಾ ಪೂರ್ತಿ ಹೊಸ ಆಕಾರದಲ್ಲಿ ಬಂತು. ಆದರೆ ಹೆಚ್ಚಿನ ಗಾಡಿಗಳಲ್ಲಿ ಇದ್ದದ್ದು 2009ರಿಂದ ಓಡುತ್ತಿದ್ದ 1.8 ಲೀಟರ್ ಎಂಜಿನ್ನೇ. ಹೊಸದಾಗಿ ಬಂದಿದ್ದು ಸಿವಿಟಿ ಅನ್ನೋ, ಗೇರಿನ ಹಂತಗಳಿಲ್ಲದ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ನೀವು ನೋಡಿರುವ ಕಾರಿನ ಬಗ್ಗೆಯೂ ಇದನ್ನೇ ವಿಚಾರಿಸಿ: ಆ ವರ್ಷ ನಿಜಕ್ಕೂ ಹೊಸದಾಗಿ ಬಂದಿದ್ದು ಏನು? ದೀಪ, ಬಂಪರ್, ಟಚ್ ಸ್ಕ್ರೀನ್ ಮಾತ್ರ ಆಗಿದ್ದರೆ ಮನೆಯವರ ಆಸೆಯಂತೆ ಹೊಸದನ್ನೇ ತಗೊಳ್ಳಿ, ನನ್ನ ಅಡ್ಡಿಯಿಲ್ಲ. ಎಂಜಿನ್, ಗೇರ್‌ಬಾಕ್ಸ್ ಎರಡೂ ಹೊಸದು ಅಂದರೆ ಅದರ ಎರಡನೇ ಇಲ್ಲವೇ ಮೂರನೇ ವರ್ಷದ ಮಾಡೆಲ್ ಸಿಗುತ್ತದಾ ನೋಡಿ.

ಇಷ್ಟೆಲ್ಲ ಆದಮೇಲೆ ಗಾಡಿ ನೋಡುವ ದಿನ ಬೆಳಿಗ್ಗೆಯೇ ಹೋಗಿ. "ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ" ಅಂತ ಮೊದಲೇ ಹೇಳಿಡಿ. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ. ತಣ್ಣಗಿರುವ ಎಂಜಿನ್ ಮೊದಲ ಹತ್ತು ಸೆಕೆಂಡಿನಲ್ಲಿ ಮಾಡುವ ಸದ್ದು, ಬಿಡುವ ಹೊಗೆ ಆಮೇಲೆ ಸಿಗುವುದಿಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ. ಆಟೋಮ್ಯಾಟಿಕ್ ಆದರೆ ಗಾಡಿ ಚೆನ್ನಾಗಿ ಬಿಸಿಯಾಗಲಿ, ಆಮೇಲೆ ನಡಿಗೆಯ ವೇಗದಲ್ಲಿ ಹತ್ತು ಸಲ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿ. ಹೆದ್ದಾರಿಯಲ್ಲಿ ಓಡಿಸಿದರೆ ಕ್ಲಚ್ಚಿನ ನಡುಕ ಗೊತ್ತಾಗದು.

ಸರ್ವಿಸ್ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿ. ಎರಡು ವರ್ಷದ ಬಿಲ್ಲೇ ಇಲ್ಲದಿದ್ದರೆ, ಎಷ್ಟೇ ಒಳ್ಳೆ ವರ್ಷದ ಮಾಡೆಲ್ ಆದರೂ ನಾನು ವಾಪಸ್ ಬರುತ್ತೇನೆ.

ಪ್ರಶ್ನೆ: ಮಾರುವವರು 2018ರ ಮಾಡೆಲ್ ಅಂತಾರೆ. ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿ 2017 ಅಂತಿದೆ. ಮೋಸ ಇರಬಹುದಾ?

ಉತ್ತರ: ಇರಲೇಬೇಕೆಂದಿಲ್ಲ. ಮುಂದಿನ ವರ್ಷದ ಮಾಡೆಲ್ಲನ್ನು ಈ ವರ್ಷದ ಕೊನೆಯ ತಿಂಗಳುಗಳಲ್ಲೇ ತಯಾರಿಸುವುದು ಅಮೆರಿಕ, ಕೆನಡಾದಲ್ಲಿ ಮಾಮೂಲು. ಅಲ್ಲಿನ ಕಾರಾದರೆ ಷಾಸಿ ನಂಬರ್ ನೋಡಿ. ಒಟ್ಟು 17 ಅಂಕಿ-ಅಕ್ಷರ ಇರುತ್ತವೆ. ಹತ್ತನೆಯದು ಮಾಡೆಲ್ ವರ್ಷ ಹೇಳುತ್ತದೆ. 2010ಕ್ಕೆ ಎ, 2011ಕ್ಕೆ ಬಿ, ಹೀಗೇ ಸಾಗಿ 2017ಕ್ಕೆ ಎಚ್. 2018ಕ್ಕೆ ಜೆ. ನಡುವಿನ ಐ ಅಕ್ಷರವನ್ನು ಬಿಟ್ಟಿದ್ದಾರೆ, 1 ಅಂತ ಓದಿಬಿಡಬಾರದು ಅಂತ. ಬೇರೆ ದೇಶದ ಗಾಡಿಗಳಲ್ಲಿ ಈ ಹತ್ತನೇ ಜಾಗವನ್ನು ಎಲ್ಲ ಕಂಪನಿಗಳೂ ಹೀಗೇ ಬಳಸುವುದಿಲ್ಲ. ಅಲ್ಲಿ ನೋಂದಣಿ ಪತ್ರದಲ್ಲಿರುವ ತಯಾರಿಕೆಯ ತಿಂಗಳು, ವರ್ಷವನ್ನೇ ನಂಬಿ.

ಆ ಸ್ಟಿಕರಿನ ತಿಂಗಳನ್ನೂ ಬರೆದುಕೊಳ್ಳಿ, ಸುಮ್ನೆ ಬಿಡಬೇಡಿ. ಕಂಪನಿ ಒಂದು ಭಾಗವನ್ನು ತಿದ್ದುವುದು ಜನವರಿ ಒಂದಕ್ಕೇ ಅಲ್ಲ. ಮೇಲೆ ಹೇಳಿದ ಸಿವಿಕ್‌ನಲ್ಲಿ 2009ರ ಕೆಲವು ಗಾಡಿ ಮಾತ್ರ ಪಟ್ಟಿಗೆ ಸೇರಿದ್ದವಲ್ಲ, ಹಾಗೆ.

ಪ್ರಶ್ನೆ: ಹದಿಮೂರು ವರ್ಷದ ಕಾರು, ಓಡಿರೋದು ಬರೀ 30,000 ಕಿಲೋಮೀಟರ್. ವಯಸ್ಸಾದವರೊಬ್ಬರು ಹತ್ತಿರದ ಓಡಾಟಕ್ಕೆ ಮಾತ್ರ ಬಳಸಿದ್ದಂತೆ. ವರ್ಷ ನೋಡಬೇಕಾ, ಕಿಲೋಮೀಟರ್ ನೋಡಬೇಕಾ?

ಉತ್ತರ: ಎರಡನ್ನೂ. ನಿಂತ ಗಾಡಿಗೂ ವಯಸ್ಸಾಗುತ್ತದೆ. ಹತ್ತಿರದ ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯೇ ಆಗುವುದಿಲ್ಲ. ಒಳಗೆ ಸೇರಿದ ತೇವ ಆವಿಯಾಗದೆ ಆಯಿಲ್‌ನಲ್ಲೇ ಉಳಿಯುತ್ತದೆ. ಆಯಿಲ್ ತುಂಬುವ ಮುಚ್ಚಳ ತೆಗೆದು ತಿರುಗಿಸಿ ನೋಡಿ. ಕೆನೆ ಬಣ್ಣದ ಲೋಳೆ ತೆಳ್ಳಗೆ ಅಂಟಿದ್ದರೆ ಅದು ತೇವದ್ದೇ ಇರಬಹುದು. ಡಿಪ್‌ಸ್ಟಿಕ್‌ನಲ್ಲೂ ಅದೇ ಲೋಳೆ ಬಂದು ಕೂಲೆಂಟೂ ಕಮ್ಮಿಯಾಗಿದ್ದರೆ ಎಂಜಿನ್ನಿನ ಬ್ಲಾಕಿಗೂ ಅದರ ಮೇಲಿನ ಭಾಗಕ್ಕೂ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿರುವ ಸಂಭವ ಇದೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಓಡಿದರೂ ಓಡದಿದ್ದರೂ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಕಿಲೋಮೀಟರಿನ ಜೊತೆ ವರ್ಷದ ಗಡುವೂ ಇರುತ್ತದೆ. ಬದಲಾಯಿಸಿದ ಬಿಲ್ ತೋರಿಸದಿದ್ದರೆ ಆ ಖರ್ಚು ನಿಮ್ಮದೇ ಅಂತ ಲೆಕ್ಕ ಹಾಕಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3518 ಅಂದರೆ 2018ರ 35ನೇ ವಾರದ್ದು. ಟೈರಿನ ಮೇಲಿನ ಗೆರೆಗಳು ಆಳವಿದ್ದರೂ ರಬ್ಬರ್ ಬಿರುಕು ಬಿಟ್ಟಿದ್ದರೆ ಬೇಡ.

ಈ ವಯಸ್ಸಿನ ಗಾಡಿಯಲ್ಲಿ ನಾನು ಬಿಡದೆ ನೋಡುವುದು ಏರ್‌ಬ್ಯಾಗಿನ ರಿಕಾಲ್, ಅಂದರೆ ದೋಷದ ಭಾಗ ಬದಲಾಯಿಸಲು ಕಂಪನಿ ಗಾಡಿಗಳನ್ನು ವಾಪಸ್ ಕರೆಯುವುದು. ತಕಾಟಾ ಕಂಪನಿಯ ಏರ್‌ಬ್ಯಾಗ್‌ಗಳು ಹಲವು ಕಂಪನಿಗಳ ಕಾರುಗಳಲ್ಲಿದ್ದವು. ಅವುಗಳನ್ನು ಉಬ್ಬಿಸಲು ಒಳಗಿಟ್ಟ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಖೆ, ತೇವ ತಿಂದು ಹದಗೆಡುತ್ತದೆ. ಆಮೇಲೆ ಅಪಘಾತವಾದಾಗ ಅಗತ್ಯಕ್ಕಿಂತ ಜೋರಾಗಿ ಸಿಡಿದು ಲೋಹದ ಚೂರುಗಳು ಕೂತವರ ಮೇಲೆ ಹಾರಿವೆ, ಜೀವ ಹೋಗಿವೆ. ಗಾಡಿ ಎಷ್ಟು ಕಮ್ಮಿ ಓಡಿದ್ದರೂ ಇದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಷಾಸಿ ನಂಬರನ್ನು ತಯಾರಕರ ರಿಕಾಲ್ ಪುಟದಲ್ಲಿ ಹಾಕಿ ನೋಡಿ, ಇಲ್ಲವೇ ಅವರ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ. ಬಾಕಿ ಅಂತ ಬಂದರೆ, ಮಾರುವವರೇ ಅದನ್ನು ಬದಲಾಯಿಸಿಕೊಂಡು ಬರಲಿ. ಅಲ್ಲಿಯವರೆಗೆ ಸುಮ್ಮನೆ ಒಂದು ರೌಂಡ್ ಅಂತಲೂ ಆ ಸ್ಟೀರಿಂಗ್ ಮುಂದೆ ಕೂರಬೇಡಿ.