ಡಿಮ್ ಹಾಕಿದರೂ ಎದುರಿನವರ ಕಣ್ಣು ಕುಕ್ಕುವುದೇಕೆ?

ಪ್ರಶ್ನೆ: ಸಕಲೇಶಪುರದಿಂದ ಹಾಸನಕ್ಕೆ ರಾತ್ರಿ ಹೊತ್ತು ಕಾರಿನಲ್ಲಿ ಹೋಗುವಾಗ ನಾನು ಡಿಮ್ ಹಾಕಿದ್ದರೂ ಎದುರಿನವರು ದೀಪ ಮಿನುಗಿಸಿ ಸಿಟ್ಟು ತೋರಿಸುತ್ತಾರೆ. ಡಿಕ್ಕಿಯಲ್ಲಿ ಕಾಫಿ ಮೂಟೆಗಳಿದ್ದಾಗಲಂತೂ ಇದು ಹೆಚ್ಚು. ಕಾರಣವೇನು?

ಉತ್ತರ: ಕಾರಣವು ನಿಮ್ಮ ಪ್ರಶ್ನೆಯಲ್ಲಿಯೇ ಇದೆ. ಹಿಂಭಾಗಕ್ಕೆ ಭಾರ ಬಿದ್ದಾಗ ಕಾರಿನ ಮೂತಿ ಮೇಲೇಳುವುದರಿಂದ, ರಸ್ತೆಯ ಮೇಲೆ ಬೀಳಬೇಕಾದ ಡಿಮ್ ಬೆಳಕು ನೇರವಾಗಿ ಎದುರಿನ ಚಾಲಕರ ಕಣ್ಣಿಗೆ ಹೊಡೆಯುತ್ತದೆ. ಇದಕ್ಕೆಂದೇ ಅನೇಕ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ, ಸಾಮಾನ್ಯವಾಗಿ ಸ್ಟೀರಿಂಗಿನ ಬಲಕ್ಕೆ, 0ಯಿಂದ 3ರವರೆಗೆ ಅಂಕಿಗಳಿರುವ ಪುಟ್ಟ ಗುಂಡಿಯೊಂದಿರುತ್ತದೆ. ಅಂಕಿ ಹೆಚ್ಚಿಸಿದಂತೆ ಬೆಳಕು ಕೆಳಮುಖವಾಗಿ ಬಾಗುತ್ತದೆ. ಕಾರು ಕೊಂಡು ವರ್ಷಗಳಾದರೂ ಅದನ್ನು ಮುಟ್ಟದವರೇ ಹೆಚ್ಚು. ಮೂಟೆ ಇಳಿಸಿದ ಮೇಲೆ ಅದನ್ನು ಪುನಃ 0ಗೆ ತರದಿದ್ದರೆ ದೂರದ ರಸ್ತೆ ನಿಮಗೇ ಕಾಣುವುದಿಲ್ಲ.

ಮೂಲ ಹ್ಯಾಲೊಜೆನ್ ಬಲ್ಬು ತೆಗೆಸಿ ಎಲ್‌ಇಡಿ ಹಾಕಿಸಿದ್ದರೆ ಗುಂಡಿ ತಿರುಗಿಸಿಯೂ ಪ್ರಯೋಜನ ಕಡಿಮೆ. ದೀಪದೊಳಗಿನ ಕನ್ನಡಿಯನ್ನು ಹ್ಯಾಲೊಜೆನ್ ತಂತಿಯ ಸ್ಥಾನಕ್ಕೆ ಸರಿಯಾಗಿ ರೂಪಿಸಿರುವುದರಿಂದ, ಬೆಳಕಿನ ಮೂಲ ತುಸು ಸರಿದರೂ ಪ್ರಖರತೆ ಎಲ್ಲೆಡೆ ಚೆಲ್ಲಿಹೋಗುತ್ತದೆ. ಹಳೆಯ ಬಲ್ಬನ್ನೇ ಹಾಕಿಸಿ, ದೀಪದ ಕೋನವನ್ನು ಗ್ಯಾರೇಜಿನಲ್ಲಿ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಣ್ಣು ಕತ್ತಲಿಟ್ಟ ಚಾಲಕ ಅಷ್ಟು ದೂರವನ್ನು ಅಂದಾಜಿನ ಮೇಲೆಯೇ ಕ್ರಮಿಸುತ್ತಾನೆ. ಆದ್ದರಿಂದ ಎದುರಿನವರು ಹೈಬೀಮ್ ಇಳಿಸದಿದ್ದರೂ ನೀವು ಹಟಕ್ಕೆ ಬಿದ್ದು ಏರಿಸಬೇಡಿ, ವೇಗ ತಗ್ಗಿಸಿ, ರಸ್ತೆಯ ಎಡ ಅಂಚಿನ ಬಿಳಿಗೆರೆಯ ಮೇಲೆ ದೃಷ್ಟಿಯಿಡಿ. ಮುಂದೆ ಹೋಗುತ್ತಿರುವ ವಾಹನದ ಬೆನ್ನಿಗಿರುವಾಗಲೂ ಡಿಮ್ಮೇ ಇರಲಿ, ಏಕೆಂದರೆ ನಿಮ್ಮ ಬೆಳಕು ಕನ್ನಡಿಗಳ ಮೂಲಕ ಅವರನ್ನೂ ಕಾಡುತ್ತದೆ.