ಕುಕ್ಕರ್ ಯಾವ ಲೆಕ್ಕಕ್ಕೆ?

ಓದುಗರ ಪತ್ರ: 2023ರ ವಿಧಾನಸಭಾ ಚುನಾವಣೆಯಲ್ಲಿ ಮಿತಿಯ ಅರ್ಧದಷ್ಟೂ ಖರ್ಚು ಮಾಡಿಲ್ಲ ಅಂತ ನಮ್ಮ ಶಾಸಕರು ಲೆಕ್ಕ ಕೊಟ್ಟಿದ್ದಾರೆ. ಮನೆಮನೆಗೆ ಕುಕ್ಕರ್ ಬಂದಿದ್ದನ್ನು, ದೊಡ್ಡ ನಾಯಕರ ಸಮಾವೇಶ ನಡೆದಿದ್ದನ್ನು ಇಡೀ ಊರು ನೋಡಿದೆ. ಇದು ಹಸಿ ಸುಳ್ಳು. ದುಡ್ಡು ಎಲ್ಲಿಂದ ಬಂತು ಅಂತ ನೀವು ಯಾಕೆ ಬರೆಯುವುದಿಲ್ಲ?

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಲೆಕ್ಕ ಪೂರ್ತಿ ಸುಳ್ಳೇ ಆಗಿರಬೇಕಿಲ್ಲ. ನೀವು ಕಣ್ಣಾರೆ ಕಂಡ ಖರ್ಚಿನಲ್ಲಿ ಬಹಳಷ್ಟನ್ನು ಕಾನೂನೇ ಕೇಳುವುದಿಲ್ಲ. ನನಗೆ ಇದೇ ಹೆಚ್ಚು ಕೆಟ್ಟದ್ದು ಅನ್ನಿಸುತ್ತದೆ.

ಕರ್ನಾಟಕದಲ್ಲಿ ವಿಧಾನಸಭೆಗೆ ನಿಂತವರ ಖರ್ಚಿನ ಮಿತಿ 40 ಲಕ್ಷ ರೂಪಾಯಿ. 2022ರ ಜನವರಿಯಲ್ಲಿ ಅದನ್ನು ಅಷ್ಟಕ್ಕೆ ಏರಿಸಿದರು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 77ನೇ ಸೆಕ್ಷನ್ ಕೇಳುವುದು ನಾಮಪತ್ರದ ದಿನದಿಂದ ಫಲಿತಾಂಶದ ದಿನದವರೆಗಿನ ಲೆಕ್ಕವನ್ನು ಮಾತ್ರ. 2023ರಲ್ಲಿ ನಾಮಪತ್ರ ಶುರುವಾಗಿದ್ದು ಏಪ್ರಿಲ್ 13ಕ್ಕೆ, ಫಲಿತಾಂಶ ಬಂದಿದ್ದು ಮೇ 13ಕ್ಕೆ. ಹೆಚ್ಚೆಂದರೆ ಒಂದು ತಿಂಗಳು. ನಿಮ್ಮ ಮನೆಗೆ ಕುಕ್ಕರ್ ಯಾವಾಗ ಬಂತು, ನೆನಪಿಸಿಕೊಳ್ಳಿ. ಚುನಾವಣೆ ಘೋಷಣೆಗೆ ಮೊದಲೇ, ಯಾವುದೋ ಹಬ್ಬದ ನೆಪದಲ್ಲಿ ಬಂದಿರಬೇಕು, ಅಲ್ವಾ? ಆಮೇಲೆ ಕೊಟ್ಟಿದ್ದರೆ ಅದು ನೇರ ಲಂಚ. ಲಂಚವನ್ನು ಯಾರು ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಾರೆ?

ಇನ್ನು ಸಮಾವೇಶ. ಅಭ್ಯರ್ಥಿಗೆ ಗೊತ್ತಿದ್ದು, ಅವರ ಒಪ್ಪಿಗೆಯ ಮೇಲೆ ಪಕ್ಷ ಮಾಡಿದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೇ ಸೇರಬೇಕು ಅಂತ 1974ರಲ್ಲಿ ಕನ್ವರ್ ಲಾಲ್ ಗುಪ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸರ್ಕಾರಕ್ಕೆ ಅದು ಪಥ್ಯವಾಗಲಿಲ್ಲ. ಪಕ್ಷದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರುವುದಿಲ್ಲ ಅಂತ ತೀರ್ಪಿನ ಬೆನ್ನಿಗೇ ಕಾಯ್ದೆಗೆ ತಿದ್ದುಪಡಿ ಬಂತು. 2003ರಲ್ಲಿ ಸ್ವಲ್ಪ ಬಿಗಿ ಮಾಡಿದರು, ನಿಜ. ಆದರೂ ತಾರಾ ಪ್ರಚಾರಕರ, ಅಂದರೆ ಪ್ರಚಾರಕ್ಕೆ ಅಂತ ಪಕ್ಷ ಪಟ್ಟಿ ಮಾಡಿ ಕೊಟ್ಟ ನಾಯಕರ, ಓಡಾಟದ ಖರ್ಚು ಇವತ್ತಿಗೂ ಅಭ್ಯರ್ಥಿಯ ಲೆಕ್ಕದಿಂದ ಹೊರಗೆ. ಪಕ್ಷಗಳ ಖರ್ಚಿಗಂತೂ ಮಿತಿಯೇ ಇಲ್ಲ. ನಾಯಕರ ಜತೆ ಅಭ್ಯರ್ಥಿ ವೇದಿಕೆ ಹತ್ತಿದರೆ, ಅವರ ಹೆಸರು ಅಥವಾ ಫೋಟೊ ಇರುವ ಬ್ಯಾನರ್ ಅಲ್ಲಿ ಕಟ್ಟಿದ್ದರೆ, ಅಥವಾ ನಾಯಕರು ಅವರ ಹೆಸರು ಹೇಳಿ ಮತ ಕೇಳಿದರೆ, ಸಭೆಯ ಖರ್ಚಿನಲ್ಲಿ ಅಭ್ಯರ್ಥಿಗೆ ಪಾಲು ಬೀಳುತ್ತದೆ. ಅಭ್ಯರ್ಥಿ ವೇದಿಕೆ ಬಿಟ್ಟು ಕೆಳಗೆ ಕೂತಿದ್ದು ಕಂಡರೆ ವಿನಯ ಅಂದುಕೊಳ್ಳಬೇಡಿ.

ದುಡ್ಡು ಎಲ್ಲಿಂದ ಬಂತು ಅನ್ನುವುದಕ್ಕೂ ಆ ಲೆಕ್ಕದಲ್ಲೇ ಜಾಗವಿದೆ. ಸ್ವಂತದ್ದು ಎಷ್ಟು, ಪಕ್ಷ ಕೊಟ್ಟಿದ್ದು ಎಷ್ಟು, ಬೇರೆಯವರು ಕೊಟ್ಟಿದ್ದು ಎಷ್ಟು ಅಂತ ಬರೆಯಬೇಕು. ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಗೆದ್ದ ಮೇಲೆ? ಪಕ್ಷಗಳು 20,000 ರೂಪಾಯಿಗಿಂತ ಜಾಸ್ತಿ ದೇಣಿಗೆಯ ವಿವರವನ್ನು ಪ್ರತಿ ವರ್ಷ ಚುನಾವಣಾ ಆಯೋಗಕ್ಕೆ ಕೊಡುತ್ತವೆ. ಶಾಸಕರಿಗೆ ಅಂಥ ಕಟ್ಟುಪಾಡು ಇಲ್ಲ. ಅವರು ಲೋಕಾಯುಕ್ತಕ್ಕೆ ಕೊಡುವುದು ಆಸ್ತಿ ವಿವರ.

ಹಾಗಂತ ಯಾರೂ ಸಿಕ್ಕಿಬಿದ್ದೇ ಇಲ್ಲ ಅಂತಲ್ಲ. ಉತ್ತರ ಪ್ರದೇಶದ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಆಯೋಗ 2011ರಲ್ಲಿ ಮೂರು ವರ್ಷ ಅನರ್ಹಗೊಳಿಸಿತು. ಕಾಸು ಕೊಟ್ಟು ಹಾಕಿಸಿದ ಸುದ್ದಿಯ ಖರ್ಚನ್ನು ಅವರು ಲೆಕ್ಕದಲ್ಲಿ ತೋರಿಸಿರಲಿಲ್ಲ. ಅಂಥ ಸುದ್ದಿ ಅಚ್ಚು ಹಾಕಿದವರು ನಮ್ಮ ಕಸುಬಿನವರೇ. ಪತ್ರಿಕೆಯಲ್ಲಿ ಕೂತು ಅದನ್ನು ಮುಚ್ಚಿಟ್ಟು ಉಳಿದವರ ಮೇಲೆ ಮಾತ್ರ ಬರೆಯಲು ನನಗೆ ಮನಸ್ಸು ಬರುವುದಿಲ್ಲ.

‘ಕೋಟಿಗಟ್ಟಲೆ’ ಅಂತ ಸುಮ್ನೆ ಬರೆಯಲು ನಮ್ಮಿಂದಾಗದು, ಕಾಗದ ಬೇಕು. ಅದು ಸಿಗುತ್ತದೆ. 1961ರ ಚುನಾವಣಾ ನಿಯಮಗಳ ಪ್ರಕಾರ, 1 ರೂಪಾಯಿ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಅಭ್ಯರ್ಥಿಯ ಲೆಕ್ಕ ನೋಡಬಹುದು. ದೃಢೀಕರಿಸಿದ ಪ್ರತಿಗೆ ಬೇರೆ ಶುಲ್ಕ. ಮುಂದಿನ ಸಲಕ್ಕೆ ಒಂದು ಮಾತು: ಲೆಕ್ಕ ಕೊಡಲು 30 ದಿನ ಇದೆ, ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಲು 45 ದಿನ. ಕೊನೇ ದಿನ ಲೆಕ್ಕ ಕೊಟ್ಟರೆ, ಅದನ್ನು ಓದಿ ಕೋರ್ಟಿಗೆ ಹೋಗಲು ಮತದಾರರಿಗೆ ಉಳಿಯುವುದು ಬರೀ ಹದಿನೈದು ದಿನ.

ಜಿಲ್ಲಾ ಚುನಾವಣಾಧಿಕಾರಿ ಕಚೇರಿಯಲ್ಲಿ ಪ್ರತಿ ಕೇಳಿ. ಸಿಕ್ಕಾಗ ಮೊದಲು ಪೆಂಡಾಲು, ಕುರ್ಚಿ, ವಾಹನಗಳ ಸಾಲು ನೋಡಿ. ಇವುಗಳ ದರ ಜಿಲ್ಲಾಡಳಿತವೇ ನಿಗದಿ ಮಾಡಿದ್ದು, ಅಲ್ಲಿ ಆಟ ಆಡುವುದು ಕಷ್ಟ. ಆಟ ನಡೆಯುವುದು ಸಂಖ್ಯೆಯಲ್ಲಿ. ಸಾವಿರ ಕುರ್ಚಿ ಹಾಕಿದ ಸಭೆಗೆ ಇನ್ನೂರು ಅಂತ ಬರೆದಿದ್ದರೆ, ಅವತ್ತಿನ ಫೋಟೊ ನಿಮ್ಮ ಊರಿನ ಯಾರದಾದರೂ ಫೋನಿನಲ್ಲಿ ಇದ್ದೇ ಇರುತ್ತದೆ. ಎರಡನ್ನೂ ಕಳಿಸಿ. ಶಾಸಕರ ಉತ್ತರವನ್ನೂ ಕೇಳಿ ಪ್ರಕಟಿಸುತ್ತೇವೆ.